ಸೂಟ್‌ಕೇಸಿನ ತಳದ ಜಪಸರ

ಗಲ್ಫಿನಲ್ಲಿರುವ ನಮಗೆ ಸೂಟ್‌ಕೇಸು ತುಂಬುವುದನ್ನು ಯಾರೂ ಕಲಿಸಬೇಕಾಗಿಲ್ಲ. ರಜೆಯಲ್ಲಿ ಊರಿಗೆ ಹೊರಟ ಸುದ್ದಿ ಹಬ್ಬಿದರೆ ಸಾಕು, ಪರಿಚಯದವರು, ಪರಿಚಯದವರ ಪರಿಚಯದವರು ಒಂದೊಂದು ಪಾರ್ಸೆಲ್ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. “ಭಾರ ಎಂತ ಇಲ್ಲ, ಅರ್ಧ ಕೆ.ಜಿ. ಅಷ್ಟೆ” ಎನ್ನುತ್ತಾರೆ, ತೂಗಿ ನೋಡಿದರೆ ಎರಡೂವರೆ. ಬೇಡ ಎನ್ನುವಂತಿಲ್ಲ, ಮುಂದಿನ ಸಲ ನಮ್ಮ ಪಾರ್ಸೆಲನ್ನು ಅವರೇ ಒಯ್ಯಬೇಕು. ಹೀಗೆ ಬಂದದ್ದನ್ನೆಲ್ಲ ನಾನು ಸೂಟ್‌ಕೇಸಿನ ತಳಕ್ಕೆ ಹಾಕುತ್ತೇನೆ. ಅದರ ಮೇಲೆ ನಮ್ಮ ಬಟ್ಟೆ, ನಮ್ಮ ಸಾಮಾನು. ಊರು ಮುಟ್ಟಿ ನಮ್ಮದೆಲ್ಲ ತೆಗೆದಾದ ಮೇಲೆ ಕೊನೆಗೆ ಇನ್ನೊಬ್ಬರದ್ದು ಹೊರಗೆ ಬರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕೈ ಹಾಗೆಯೇ ಪಳಗಿದೆ. ಯೋಚನೆ ಮಾಡಬೇಕಾಗಿಯೇ ಇಲ್ಲ.

ಆ ಪಳಗಿದ ಕೈಯಿಂದಲೇ ಒಂದು ತಪ್ಪಾಯಿತು. ತಪ್ಪು ಸಣ್ಣದು. ಅದರ ಮೇಲೆ ನಾನು ಹೇಳಿದ ಸುಳ್ಳು ಸಣ್ಣದಲ್ಲ.

ನಾನು ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂರುವವಳು. ಅದೇ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ಶಿರ್ವ ಕಡೆಯ ಒಬ್ಬ ಹಿರಿಯ ಹೆಂಗಸು ಆಯಾ ಕೆಲಸಕ್ಕಿದ್ದರು. ರೋಗಿಗಳ ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಗಾಲಿಕುರ್ಚಿ ತಳ್ಳುವುದು ಅವರ ಕೆಲಸ. ನಮ್ಮ ಕೊಂಕಣಿಯಲ್ಲಿ ತಾಯಿಯ ತಂಗಿಯನ್ನು ಮಾವ್ಶಿ ಎನ್ನುತ್ತೇವೆ. ನಾನು ಹಾಗೆ ಕರೆದದ್ದು ಕೇಳಿ ಇಡೀ ಆಸ್ಪತ್ರೆಗೆ, ಫಿಲಿಪೀನ್ಸಿನ ನರ್ಸುಗಳಿಗೂ ಪಠಾಣ್ ಸೆಕ್ಯುರಿಟಿಗೂ, ಅವರು ಮಾವ್ಶಿಯೇ ಆಗಿಬಿಟ್ಟರು. ನಮ್ಮಿಬ್ಬರ ಮಾತೆಲ್ಲ ಕೊಂಕಣಿಯಲ್ಲಿ ನಡೆದದ್ದು. ಇಲ್ಲಿ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಪಟ್ಟಣದ ಹೊರಗೆ ಮುಸಫ್ಫಾದ ಸ್ಟಾಫ್ ಅಕಾಮಡೇಶನ್ನಿನಲ್ಲಿ ನಾಲ್ವರ ಜೊತೆ ಒಂದು ರೂಮು, ಬೆಳಿಗ್ಗೆ ಕಂಪೆನಿ ಬಸ್ಸು, ಸಂಜೆ ಕಂಪೆನಿ ಬಸ್ಸು. ಇಪ್ಪತ್ತೆಂಟು ವರ್ಷ ಅವರು ಈ ದೇಶದಲ್ಲಿ ಕಂಡದ್ದು ಅಷ್ಟೇ, ಮತ್ತೆ ಶುಕ್ರವಾರದ ಪೂಜೆಗೆ ಇಗರ್ಜಿ, ಅಂದರೆ ನಮ್ಮ ಚರ್ಚು.

ನಮಗೂ ರಜೆ ಎಂದರೆ ಊರೇ. ಒಂದು ವರ್ಷ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ, ಇನ್ನೊಂದು ವರ್ಷ ಮನೆಯೊಕ್ಕಲು. ಬೇರೆ ದೇಶ ನೋಡುವ ಮಾತೆತ್ತಿದರೆ ಊರಲ್ಲಿ ಮುಖ ಊದಿಸುತ್ತಾರೆ. ಆ ವರ್ಷ ಮಾತ್ರ ನನ್ನ ಮಗಳು ಹಟ ಹಿಡಿದಳು. ಅವಳಿಗೆ ಫುಟ್‌ಬಾಲ್ ಹುಚ್ಚು. ಮ್ಯಾಡ್ರಿಡ್ ಸ್ಟೇಡಿಯಂ ನೋಡಲೇಬೇಕಂತೆ. ದುಬೈಗೆ ಹೋಗಿ ವೀಸಾಕ್ಕೆ ಬೆರಳಚ್ಚು ಕೊಟ್ಟು ಬಂದೆವು. ಮರುದಿನವೇ ಮಾವ್ಶಿ ನನ್ನ ಡೆಸ್ಕಿನ ಮುಂದೆ ಪ್ರತ್ಯಕ್ಷ.

“ಸ್ಪೇನ್‌ಗೆ ಹೋಗ್ತೀಯಂತೆ ಹೌದಾ? ಆವಿಲಾ ಅಲ್ಲಿಂದ ದೂರ ಉಂಟಾ?”

ಆವಿಲಾ ಎಂಬ ಊರಿದೆ ಎಂದೇ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ನೋಡಿದೆ. ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ. “ಹತ್ತಿರವೇ ಮಾವ್ಶಿ” ಎಂದೆ. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು.

ಆ ಊರಿನ ಸಂತಮಾತೆಯ ಹೆಸರನ್ನೇ ಅವರ ಅಮ್ಮ ಅವರಿಗೆ ಇಟ್ಟದ್ದಂತೆ. ಬೀಡಿ ಕಟ್ಟುತ್ತಾ ಅಮ್ಮ ಹೇಳುತ್ತಿದ್ದ ಕಥೆಗಳನ್ನು ಮಾವ್ಶಿ ನನಗೆ ಡೆಸ್ಕಿನ ಮೇಲೆ ಮೊಣಕೈ ಊರಿ ಹೇಳಿದರು. “ಊರಿಗೆ ಊರೇ ಗೋಡೆಯ ಒಳಗೆ ಉಂಟಂತೆ ಮಗಾ. ಆ ಸಂತಮಾತೆ ಏಳು ವರ್ಷದ ಹುಡುಗಿ ಆಗಿರುವಾಗ ಅಣ್ಣನನ್ನು ಕರ್ಕೊಂಡು ಗೋಡೆಯ ಬಾಗಿಲು ದಾಟಿ ಓಡಿಹೋದಳಂತೆ, ದೇವರಿಗಾಗಿ ಸಾಯ್ತೇನೆ ಅಂತ. ಚಿಕ್ಕಪ್ಪ ಹಿಡಿದು ವಾಪಸ್ ತಂದನಂತೆ.” ಹೇಳಿ ತಾವೇ ನಕ್ಕರು.

ಮಾರನೇ ದಿನ ಒಂದು ಸಣ್ಣ ಬಟ್ಟೆಯ ಚೀಲ ತಂದುಕೊಟ್ಟರು. ಒಳಗೆ ಕಪ್ಪು ಮರದ ಮಣಿಗಳ ಜಪಸರ. ಅವರ ಅಮ್ಮನದ್ದು. ಎರಡು ಮಣಿ ಬಿದ್ದುಹೋದಲ್ಲಿ ನೂಲಿನ ಗಂಟು ಹಾಕಿತ್ತು.

“ಆ ಸಂತಮಾತೆಯ ಬೆರಳೊಂದನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಆ ಗಾಜಿಗೆ ಇದನ್ನು ಒಮ್ಮೆ ಮುಟ್ಟಿಸಿ ತಾ. ನಮ್ಮ ವಾರ್ಡಿನಲ್ಲಿ ಜೀವ ಹೋಗುವ ಹೊತ್ತಿಗೆ ಕೆಲವರು ಕೈ ಹಿಡ್ಕೊಳ್ಳಿ ಅಂತ ಹೇಳ್ತಾರೆ. ಹಿಡೀತೇನೆ. ಆದ್ರೆ ನನ್ನ ಕೈಯಲ್ಲಿ ಎಂತ ಉಂಟು ಹೇಳು? ಫಿನಾಯ್ಲಿನ ವಾಸನೆ. ಇದು ಇದ್ರೆ ಅವರ ಕೈಯಲ್ಲಿ ಇಡಬಹುದು. ನನಗೆ ಬೇರೆ ಎಂತ ತರುವುದು ಬೇಡ. ಚಾಕಲೇಟ್ ಸಹ ಬೇಡ.”

“ಅಯ್ಯೋ, ಅಷ್ಟೇ ಅಲ್ವಾ ಮಾವ್ಶಿ!” ಎಂದೆ ನಾನು. ವೀಸಾ ಬಂದ ಮೇಲೆ ಸೂಟ್‌ಕೇಸು ತುಂಬುವಾಗ ಚೀಲವನ್ನು ಕಾಲುಚೀಲದೊಳಗೆ ಸುತ್ತಿ, ತಳದ ಮೂಲೆಯಲ್ಲಿ ಭದ್ರವಾಗಿ ಇಟ್ಟೆ.

ಮ್ಯಾಡ್ರಿಡ್‌ನಲ್ಲಿ ಎರಡು ದಿನ ಕಳೆದು ಮೂರನೆಯ ದಿನ ಬೆಳಿಗ್ಗೆ ಆವಿಲಾಕ್ಕೆ ಹೊರಟೆವು. ಸಂಜೆಗೆ ವಾಪಸು ಬರುವುದಾದ್ದರಿಂದ ಸೂಟ್‌ಕೇಸುಗಳು ಹೋಟೆಲಿನಲ್ಲೇ ಉಳಿದವು. ಹೆಗಲಿಗೆ ಒಂದೊಂದು ಬ್ಯಾಗು ಅಷ್ಟೆ.

ರೈಲಿನಿಂದ ಇಳಿದರೆ ಅಯ್ಯಬ್ಬಾ ಆ ಚಳಿ! ಅಬುಧಾಬಿಯ ಮಾಲಿನಲ್ಲಿ ಕೊಂಡ ನಮ್ಮ ಜಾಕೆಟ್ಟುಗಳು ಆ ಚಳಿಯ ಮುಂದೆ ಲೆಕ್ಕಕ್ಕೇ ಇಲ್ಲ. ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದು ಒಂದು ತಿರುವು ತೆಗೆದುಕೊಂಡದ್ದೇ, ಗೋಡೆ ಎದುರಿಗೇ ನಿಂತಿತ್ತು. ಕೋಟೆ ಎಂದರೆ ನಾನು ಅಲ್ಲೊಂದು ಇಲ್ಲೊಂದು ಕುಸಿದ ಬುರುಜು ಎಂದುಕೊಂಡಿದ್ದೆ. ಇದು ಹಾಗಲ್ಲ. ಒಂದು ಕಲ್ಲೂ ಜರುಗದ ಹಾಗೆ, ಬುರುಜಿನ ಪಕ್ಕ ಬುರುಜು, ಊರನ್ನು ಪೂರ್ತಿ ಸುತ್ತಿಕೊಂಡು ಗುಡ್ಡದ ಇಳಿಜಾರಿನವರೆಗೂ ಹೋಗಿತ್ತು. ಅಲ್ಲಿನ ದೊಡ್ಡ ಇಗರ್ಜಿಯ ಬೆನ್ನು ಗೋಡೆಯೊಳಗೇ ಸೇರಿಕೊಂಡಿದೆ. ಪೀಠದ ಹಿಂದಿನ ಭಾಗವೇ ಹೊರಗಿನಿಂದ ನೋಡಿದರೆ ಬುರುಜು. ಶತ್ರು ಬಂದರೆ ಪಾದ್ರಿಗಳು ಪೂಜೆ ಬಿಟ್ಟು ಬಾಣ ಬಿಡುತ್ತಿದ್ದರೇನೋ ಎಂದು ನನ್ನ ಗಂಡ ನಗಾಡಿದರು.

ಒಳಗೆ ಹೋದೆವು. ಕಂಬಗಳು, ಕಮಾನುಗಳು ಬಿಳಿ ಕಲ್ಲಿನವು, ಅದರ ಮೈತುಂಬ ಕೆಂಪು ಮಚ್ಚೆ. ಹಸಿ ಮಾಂಸದ ಬಣ್ಣ ಎಂದಳು ಮಗಳು. ಗದರಿದೆ. ಆದರೆ ನಿಜ, ಹಾಗೇ ಇತ್ತು. ನಾನು ಬೆಂಚಿನ ಮೇಲೆ ಕೂತೆ. ನಮ್ಮ ಅಬುಧಾಬಿಯ ಇಗರ್ಜಿಯಲ್ಲಿ ಪೂಜೆಗಳು ಒಂದರ ಹಿಂದೆ ಒಂದು. ಮಲಯಾಳಂ ಮುಗಿಯುವ ಹೊತ್ತಿಗೆ ತಮಿಳಿನವರು ಬಾಗಿಲಲ್ಲಿ, ತಮಿಳು ಮುಗಿಯುವಾಗ ಕೊಂಕಣಿಯವರು. ಕೂತು ಸುಮ್ಮನಿರಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಇಲ್ಲಿ ಇಡೀ ಇಗರ್ಜಿಗೆ ನಾವು ಮೂವರು ಮತ್ತು ಮೇಣದಬತ್ತಿ ಸರಿಪಡಿಸುವ ಒಬ್ಬ ಮುದುಕ.

ಆಮೇಲೆ ಗೋಡೆಯ ಮೇಲೆ ಹತ್ತಿ ನಡೆದೆವು. ಇಗರ್ಜಿಯ ಗೋಪುರದ ಮೇಲೆ ಕೊಕ್ಕರೆಗಳ ದೊಡ್ಡ ದೊಡ್ಡ ಗೂಡು. ಸರಿಯಾಗಿ ಹನ್ನೆರಡಕ್ಕೆ ಊರಿನ ಗಂಟೆಗಳೆಲ್ಲ ಶುರುವಾದವು. ಒಂದು ಇಗರ್ಜಿ ಮುಗಿಸುವಷ್ಟರಲ್ಲಿ ಗೋಡೆಯ ಹೊರಗಿನ ಇನ್ನೊಂದು. ಅಬುಧಾಬಿಯಲ್ಲಿ ಇಗರ್ಜಿಗಳು ಗಂಟೆ ಬಾರಿಸುವಂತಿಲ್ಲ, ಅಲ್ಲಿ ನಮ್ಮ ಇಗರ್ಜಿಯ ಗಂಟೆ ಕೇಳಿದ್ದೇ ಇಲ್ಲ ನಾವು. ನನ್ನ ಕಣ್ಣು ತುಂಬಿತು. ಫೋನು ಎತ್ತಿ ಹಿಡಿದು ಆ ಸದ್ದನ್ನು ರೆಕಾರ್ಡ್ ಮಾಡಿ, ಅಲ್ಲಿಂದಲೇ ಮಾವ್ಶಿಗೆ ಕಳಿಸಿದೆ. ಅವರು ತಕ್ಷಣ ವಾಯ್ಸ್ ಮೆಸೇಜ್ ಹಾಕಿದರು. ಮಾತೇ ಇಲ್ಲ, ಮೂಗು ಎಳೆದುಕೊಂಡ ಸದ್ದು ಮಾತ್ರ.

ಸಂತಮಾತೆ ಹುಟ್ಟಿದ ಮನೆ ಇದ್ದ ಜಾಗದಲ್ಲಿ ಈಗ ಇಗರ್ಜಿ ಇದೆ. ಅದರ ಪಕ್ಕದ ಸಣ್ಣ ಕೋಣೆಯಲ್ಲಿ ಬೆರಳು. ಗಾಜಿನ ಹಿಂದೆ, ಉಂಗುರ ತೊಟ್ಟುಕೊಂಡು, ಒಣಗಿದ ಒಂದು ಬೆರಳು. ಮಗಳು ಇಶ್ಶಿ ಎಂದು ಹಿಂದೆ ಸರಿದಳು. ನಾನು ಶಿಲುಬೆಯ ಗುರುತು ಹಾಕಿ, ಬ್ಯಾಗಿನ ಜಿಪ್ ಎಳೆದು, ಕೈ ಹಾಕಿದೆ.

ಜಪಸರ ಇಲ್ಲ.

ಬ್ಯಾಗಿನ ಒಳಗೆ ಹುಡುಕಿದ್ದು ನೆವಕ್ಕೆ. ಅದು ಎಲ್ಲಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಇನ್ನೊಬ್ಬರ ಪಾರ್ಸೆಲ್ ಇರಬೇಕಾದ ಜಾಗದಲ್ಲಿ, ಮ್ಯಾಡ್ರಿಡ್‌ನ ಹೋಟೆಲಿನಲ್ಲಿ, ಸೂಟ್‌ಕೇಸಿನ ತಳದಲ್ಲಿ. ಗಂಡ ನನ್ನ ಮುಖ ನೋಡಿ ವಿಷಯ ತಿಳಿದುಕೊಂಡರು. ಅವರು ಎಲೆಕ್ಟ್ರಿಕಲ್ ಮನುಷ್ಯ. “ಅದಕ್ಕೆ ಯಾಕೆ ತಲೆಬಿಸಿ? ನಿನ್ನ ಕೈ ಗಾಜಿಗೆ ಮುಟ್ಟಿಸು. ಹೋಟೆಲಿಗೆ ಹೋಗಿ ಅದೇ ಕೈಯಲ್ಲಿ ಜಪಸರ ಹಿಡಿ. ಕನೆಕ್ಷನ್ ಆಯ್ತಲ್ಲ” ಎಂದರು.

ನಾನು ನಿಜವಾಗಿಯೂ ಮುಟ್ಟಿಸಿದೆ. ಗಾಜು ತಣ್ಣಗಿತ್ತು. ವಾಪಸು ರೈಲಿನಲ್ಲಿ ಆ ಬಲಗೈಯನ್ನು ಮಡಿಲಲ್ಲಿ ಮೇಲ್ಮುಖ ಮಾಡಿಟ್ಟುಕೊಂಡು ಕೂತಿದ್ದೆ, ಮದುಮಗಳ ಮೆಹಂದಿ ಕೈಯ ಹಾಗೆ. ಮಗಳು ಚಿಪ್ಸ್ ಪ್ಯಾಕೆಟ್ ಚಾಚಿದಳು, ತಿಂದೆ. ಕೈ ಜಿಡ್ಡಾಯಿತು. ಆಸ್ಪತ್ರೆಯವಳು ನಾನು, ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದು ಎರಡೂ ಕೈ ಉಜ್ಜಿಕೊಂಡೆ. ಉಜ್ಜಿಯಾದ ಮೇಲೆ ನೆನಪಾಯಿತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಗ ನಗು ಬಂದಿತ್ತು.

ಇಷ್ಟಾದರೂ ದಾರಿ ಇತ್ತು. ಮರುದಿನ ಇಡೀ ದಿನ ನಮ್ಮ ಕೈಯಲ್ಲಿತ್ತು. ಅಪ್ಪ ಮಗಳು ಸ್ಟೇಡಿಯಂ ನೋಡಲು ಹೋಗುವವರು. ನಾನೊಬ್ಬಳೇ ಬೆಳಗಿನ ರೈಲು ಹಿಡಿದಿದ್ದರೆ ಊಟದ ಹೊತ್ತಿಗೆ ಮುಟ್ಟಿಸಿಕೊಂಡು ಬರಬಹುದಿತ್ತು. ಆದರೆ ಊರ ಹೊರಗಿನ ಒಂದು ಔಟ್‌ಲೆಟ್ ಮಾಲಿನಲ್ಲಿ ಚರ್ಮದ ಬ್ಯಾಗು ನೋಡುವುದೆಂದು ನಾನು ಹೊರಡುವ ಮೊದಲೇ ತೀರ್ಮಾನಿಸಿದ್ದೆ. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಬೆಳಿಗ್ಗೆ ಎದ್ದು, ಕಾಲುಚೀಲದೊಳಗಿನ ಜಪಸರವನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ನಿಂತು, ಮತ್ತೆ ತಳದಲ್ಲೇ ಇಟ್ಟು, ಬ್ಯಾಗು ಕೊಳ್ಳಲು ಹೋದೆ. ಕಂದು ಬಣ್ಣದ್ದು. ಈಗಲೂ ಕಪಾಟಿನಲ್ಲಿದೆ. ತೆಗೆದು ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ.

ಡ್ಯೂಟಿಗೆ ಮರಳಿದ ದಿನ ಆವಿಲಾದ ಮೊಟ್ಟೆಯ ಹಳದಿಯ ಮಿಠಾಯಿಯನ್ನು ಇಡೀ ಆಫೀಸಿಗೆ ಹಂಚಿದೆ. ಅದು ನೆನಪಿತ್ತು ನನಗೆ! ಮಧ್ಯಾಹ್ನ ಮಾವ್ಶಿ ಪ್ಯಾಂಟ್ರಿಗೆ ಬಂದರು. ಮೊದಲು ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡರು. ಒರೆಸಿಕೊಂಡು, ಎರಡೂ ಅಂಗೈ ಜೋಡಿಸಿ ಚಾಚಿದರು.

“ಮುಟ್ಟಿಸಿದ್ಯಾ ಮಗಾ?”

ಆ ಕೈಗಳ ಮುಂದೆ ‘ಇಲ್ಲ’ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. “ಹೌದು ಮಾವ್ಶಿ, ಮುಟ್ಟಿಸಿದೆ” ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? “ಗಾಜು ತಣ್ಣಗಿತ್ತು. ಮೂರು ಸಲ ಮುಟ್ಟಿಸಿದೆ” ಎಂದೂ ಸೇರಿಸಿದೆ. ಸುಳ್ಳಿಗೆ ಒಗ್ಗರಣೆ. ಮಾವ್ಶಿ ಜಪಸರವನ್ನು ಹಣೆಗೊತ್ತಿಕೊಂಡು, ನನ್ನ ಹಣೆಗೂ ಒತ್ತಿದರು.

ಆಮೇಲಿನ ಒಂದೂವರೆ ವರ್ಷ ಆ ವಾರ್ಡಿನ ಕೆಲಸ ಬಂದರೆ ಫೈಲನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದೆ. ಮಾವ್ಶಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಸುದ್ದಿ ಕೊಡುತ್ತಿದ್ದರು. ನಮ್ಮದೇ ಆಸ್ಪತ್ರೆಯ ಒಬ್ಬ ಮಲಯಾಳಿ ನರ್ಸು, ಇನ್ನೂ ಮೂವತ್ತೆಂಟು ವರ್ಷ, ಅದೇ ವಾರ್ಡಿನಲ್ಲಿ ಮಲಗಿದ್ದಳು. “ನಿನ್ನೆ ಅವಳ ಕೈಯಲ್ಲಿ ಇಟ್ಟೆ. ಆವಿಲಾಕ್ಕೆ ಹೋಗಿ ಮುಟ್ಟಿಸಿ ಬಂದದ್ದು ಅಂತ ಹೇಳಿದೆ. ಎಷ್ಟು ಗಟ್ಟಿ ಹಿಡಿದಳು ಗೊತ್ತುಂಟಾ? ಬೆಳಿಗ್ಗೆ ಹೋದಳು, ಪಾಪ. ಆಮೇಲೆ ನಾನೇ ಬೆರಳು ಬಿಡಿಸಿದ್ದು.” ನಾನು ಹ್ಞೂಂ ಎನ್ನುತ್ತಿದ್ದೆ. ಇನ್ನೊಬ್ಬ ಬೆಳ್ತಂಗಡಿ ಕಡೆಯ ವೆಲ್ಡರ್, ಮುಸಫ್ಫಾದ ವರ್ಕ್‌ಶಾಪಿನವನು, ಇಲ್ಲಿ ಅವನಿಗೆ ಯಾರೂ ಇರಲಿಲ್ಲ. ಅವನಿಗೆ ಜಪಸರ ಕೊಟ್ಟು, ನನ್ನ ಆ ಗಂಟೆಯ ಸದ್ದನ್ನೂ ಫೋನಿನಲ್ಲಿ ಕೇಳಿಸಿದರಂತೆ. “ಊರಿನ ಇಗರ್ಜಿಯ ಹಾಗೆ ಕೇಳ್ತದೆ ಅಂದ” ಎಂದರು.

ಹೇಳಿಬಿಡಬೇಕು ಎಂದು ಪ್ರತಿ ಸಲ ಅಂದುಕೊಂಡೆ. ಪ್ರತಿ ಸಲ ಲಿಫ್ಟು ನನ್ನ ಮಹಡಿಗೆ ಬರುತ್ತಿತ್ತು. ಕೊನೆಗೆ ಈಸ್ಟರಿಗೆ ಮೊದಲು ಪಾಪನಿವೇದನೆಗೆ ನಿಂತು ಪಾದ್ರಿಯ ಹತ್ತಿರ ಹೇಳಿಕೊಂಡೆ. “ಸಂತಮಾತೆಗೆ ಇದರಿಂದ ಬೇಸರ ಆಗಿರಲಿಕ್ಕಿಲ್ಲ. ಯಾರಿಗೆ ಹೇಳಬೇಕು ಅಂತ ನಿನಗೇ ಗೊತ್ತುಂಟಲ್ಲ” ಎಂದರು. ನನ್ನ ಹಿಂದೆ ಉದ್ದ ಕ್ಯೂ ಇತ್ತು, ಎದ್ದು ಬಂದೆ. ಆಗಲೂ ಹೇಳಲಿಲ್ಲ.

ಜೂನಿನಲ್ಲಿ ಮಾವ್ಶಿಯ ವೀಸಾ ಕ್ಯಾನ್ಸಲ್ ಆಯಿತು. ವಯಸ್ಸಾಯಿತು, ಖಲಾಸ್. ಹೋಗುವ ಹಿಂದಿನ ದಿನ ನಾನು ಮುಸಫ್ಫಾದ ಅವರ ರೂಮಿಗೆ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ, ನಮ್ಮ ಪದ್ಧತಿಯಂತೆ ಮಂಗಳೂರಿನಲ್ಲಿರುವ ನನ್ನ ತಂಗಿಗೆ ಒಂದು ಪಾರ್ಸೆಲ್ ಹಿಡಿದುಕೊಂಡೇ ಹೋದೆ. ಬಾದಾಮಿ, ಖರ್ಜೂರ, ಹಾಲಿನ ಪುಡಿ, ತಲೆನೋವಿನ ಎಣ್ಣೆ. ನನ್ನ ನಾಚಿಕೆಗೇಡಿತನಕ್ಕೆ ಏನು ಹೇಳಲಿ. ಇಪ್ಪತ್ತೆಂಟು ವರ್ಷ ಒಂದು ಮಂಚ ಮತ್ತು ಒಂದು ಕಪಾಟಿನಲ್ಲಿ ಹಿಡಿದದ್ದು ಈಗ ಒಂದು ಸೂಟ್‌ಕೇಸಿನಲ್ಲಿ ಹಿಡಿದಿತ್ತು. ಅದು ನೆಲದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಜಪಸರ ಮಾವ್ಶಿಯ ಕೊರಳಲ್ಲಿತ್ತು.

“ಇದನ್ನು ಶಿರ್ವದ ಇಗರ್ಜಿಗೆ ಕೊಡುವುದು ಅಂತ ಉಂಟು. ಯಾರಿಗಾದ್ರೂ ಕೊನೆಗಾಲಕ್ಕೆ ಬೇಕಾದ್ರೆ ಪಾದ್ರಿಗಳು ಒಯ್ಯಬಹುದಲ್ಲ” ಎಂದರು.

ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ. ಮಂಚದ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಸೂಟ್‌ಕೇಸಿನ ತಳ, ಬರಿಗೈ, ಮರುದಿನದ ಬ್ಯಾಗು, ಎಲ್ಲ. ಅಳುತ್ತಾ ಹೇಳಿದೆ. ಹೇಳುವಾಗ ಎದೆಯ ಮೇಲಿನ ಭಾರ ಇಳಿಯುತ್ತಿರುವುದೂ ನನಗೆ ಗೊತ್ತಾಗುತ್ತಿತ್ತು, ಇದನ್ನು ಮುಚ್ಚಿಡುವುದಿಲ್ಲ. ಅವರು ಬಯ್ಯುತ್ತಾರೆ, ಆಮೇಲೆ ತಲೆ ಸವರಿ ‘ಹೋಗಲಿ ಬಿಡು ಮಗಾ’ ಎನ್ನುತ್ತಾರೆ ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ.

ಮಾವ್ಶಿ ಬಯ್ಯಲಿಲ್ಲ. ಮಡಚುತ್ತಿದ್ದ ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

“ನಾನು ಅವರಿಗೆಲ್ಲ ಮುಟ್ಟಿಸಿ ತಂದದ್ದು ಅಂತ ಹೇಳಿದೆನಲ್ಲ. ಐದು ಜನ. ಸಾಯುವವರ ಹತ್ತಿರ ಹೇಳಿದೆ. ಅವರಿಗೆ ಈಗ ಹೇಗೆ ಹೇಳುವುದು ನಾನು?”

ನನ್ನ ಸುಳ್ಳು ಅವರ ಬಾಯಿಂದ ಹೋಗಿತ್ತು. ಹೋದವರು ವಾಪಸು ಬಂದು ಕೇಳಿಸಿಕೊಳ್ಳುವವರಲ್ಲ. ನಾನಾದರೆ ಅತ್ತು ಹಗುರವಾದೆ, ಆ ಭಾರವನ್ನು ಪಾರ್ಸೆಲ್ ಕೊಟ್ಟ ಹಾಗೆ ಅವರಿಗೆ ಕೊಟ್ಟೆ, ಅದೂ ಊರಿಗೆ ಹೊರಡುವ ಹಿಂದಿನ ದಿನ.

“ಆ ಗಂಟೆ?” ಎಂದು ಕೇಳಿದರು. “ಅದಾದ್ರೂ ಅಲ್ಲಿಯದ್ದೇ ಅಲ್ವಾ?”

“ದೇವರಾಣೆ ಮಾವ್ಶಿ, ಅದು ಅಲ್ಲಿಯದ್ದೇ. ಗೋಡೆಯ ಮೇಲೆ ನಿಂತು ನಾನೇ ರೆಕಾರ್ಡ್ ಮಾಡಿದ್ದು.”

ನನ್ನ ಮುಖವನ್ನು ಒಮ್ಮೆ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನಂಬಿ ಎಂದು ಹೇಳುವ ಮುಖ ನನಗೆ ಉಳಿದಿರಲಿಲ್ಲ.

ನಾನು ನನ್ನ ಪಾರ್ಸೆಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ. ಮಾವ್ಶಿ ಕೈ ಚಾಚಿ ಅದನ್ನು ತೆಗೆದುಕೊಂಡರು. ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ, ತಮ್ಮ ಹೊಸ ಸೀರೆಯನ್ನು ಪಕ್ಕಕ್ಕೆ ಸರಿಸಿ, ಇಟ್ಟರು.

“ಮೇಲೆ ಇಡ್ತೇನೆ ಮಗಾ. ಬೇರೆಯವರದ್ದು ಮರೆಯಬಾರದಲ್ಲ” ಎಂದರು. ಅವರ ದನಿಯಲ್ಲಿ ಚುಚ್ಚುವ ಉದ್ದೇಶವೇ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ನಾನು ಡೆಸ್ಕಿನಲ್ಲಿದ್ದಾಗ ತಂಗಿಯ ಫೋನು ಬಂತು. ಮಂಗಳೂರಿನ ಏರ್‌ಪೋರ್ಟಿನಿಂದ ಶಿರ್ವ ಒಂದು ದಿಕ್ಕು, ತಂಗಿಯ ಮನೆ ಇನ್ನೊಂದು ದಿಕ್ಕು.

“ಯಾರೇ ಅವರು? ಜೋರು ಮಳೆಯಲ್ಲಿ ಸೀದಾ ಏರ್‌ಪೋರ್ಟಿನಿಂದ ಬಂದಿದ್ದಾರೆ, ಟ್ಯಾಕ್ಸಿಯಲ್ಲಿ ಸಾಮಾನೆಲ್ಲ ಹಾಗೇ ಉಂಟು. ಮೊದಲು ಇದನ್ನು ಮುಟ್ಟಿಸ್ಬೇಕು ಅಂತ ಹೇಳಿ ಪಾರ್ಸೆಲ್ ಕೈಗೆ ಕೊಟ್ರು. ಒಂದು ಗ್ಲಾಸ್ ನೀರು ಸಹ ಕುಡೀಲಿಲ್ಲ. ಇನ್ನೂ ಅವರ ಮನೆಗೇ ಹೋಗಿಲ್ವಂತೆ ಮಾರಾಯ್ತಿ!”

“ಅವರ ಕೊರಳಲ್ಲಿ ಜಪಸರ ಇತ್ತಾ?” ಎಂದು ಕೇಳಿದೆ.

“ಇಲ್ಲಪ್ಪ, ಖಾಲಿ ಕೊರಳು. ಯಾಕೆ?” ಎಂದಳು. ಟ್ಯಾಕ್ಸಿಯಲ್ಲಿದ್ದ ಆ ಸೂಟ್‌ಕೇಸಿನ ತಳ ನನ್ನ ಕಣ್ಣ ಮುಂದೆ ಬಂತು.